‘ಎಂತ ಇಲ್ಲ’ ಎನ್ನುವ ಮಗುವಿನ ಹತ್ತಿರ ಶಾಲೆಯ ಮಾತಾಡುವುದು ಹೇಗೆ?

ನನಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಮನೆ ಉಡುಪಿಯಲ್ಲಿ. ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಮನೆ ಮುಟ್ಟುವಾಗ ಏಳೂವರೆ. ಜಗಲಿಯಲ್ಲಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದೆ: “ಇವತ್ತು ಶಾಲೆಯಲ್ಲಿ ಎಂತ ಆಯ್ತು?” ಮಗ ಟಿ.ವಿ.ಯಿಂದ ಕಣ್ಣು ಕೀಳದೆ ಹೇಳುತ್ತಿದ್ದ: “ಎಂತ ಇಲ್ಲ.” ಪಕ್ಕದ ಮನೆಯಲ್ಲಿ ಇದೇ ಪ್ರಶ್ನೆಗೆ ತುಳುವಿನಲ್ಲಿ “ದಾಲ ಇಜ್ಜಿ”, ಎದುರು ಮನೆಯಲ್ಲಿ ಕೊಂಕಣಿಯಲ್ಲಿ “ಕಾಂಯ್ ನಾ”. ಇಷ್ಟೆಲ್ಲ ಭಾಷೆಗಳಿರುವ ಊರಿನಲ್ಲಿ ಮಕ್ಕಳ ಉತ್ತರ ಮಾತ್ರ ಒಂದೇ.

ಎರಡು ವರ್ಷ ಅದನ್ನು ಮಗನ ಸ್ವಭಾವ ಅಂದುಕೊಂಡಿದ್ದೆ. ಒಂದು ರಾತ್ರಿ ಹೆಂಡತಿ ನನ್ನನ್ನೇ ಕೇಳಿದಳು, “ಆಫೀಸಲ್ಲಿ ಎಂತ ಆಯ್ತು?” ನಾನೂ “ಎಂತ ಇಲ್ಲ” ಅಂದೆ. ಅವತ್ತು 11,000 ರೂಪಾಯಿ ತಾಳೆಯಾಗದೆ ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದೆ. ಹೇಳಲಿಕ್ಕೆ ಇರಲಿಲ್ಲ ಎಂದಲ್ಲ, ಎಲ್ಲಿಂದ ಶುರು ಮಾಡುವುದು ಗೊತ್ತಾಗಲಿಲ್ಲ. ಹೇಳಿದರೆ ಇನ್ನೆರಡು ಪ್ರಶ್ನೆ ಬರುತ್ತವೆ ಎಂಬ ಸುಸ್ತು ಬೇರೆ. ಮಕ್ಕಳದ್ದೂ ಇದೇ ಕಥೆ.

ಈಗ ಮಗ ಏಳನೆಯ ತರಗತಿ, ಮಗಳು ಮೂರನೆಯದು. ಇಬ್ಬರೂ ಮಾತಾಡುತ್ತಾರೆ, ಕೆಲವೊಮ್ಮೆ ಸಾಕಪ್ಪ ಅನಿಸುವಷ್ಟು. ಈ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾವುದು ಕೈಹಿಡಿಯಿತು, ಯಾವುದು ಕೆಟ್ಟುಹೋಯಿತು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕ್ರಮ ತಪ್ಪಿಸಿ ಓದಿದರೂ ತೊಂದರೆಯಿಲ್ಲ, ಆದರೆ ಐದನೆಯ ಹೆಜ್ಜೆಯನ್ನು ಮಾತ್ರ ಬಿಡಬೇಡಿ.

ಹೆಜ್ಜೆ 1: ಕೇಳುವ ಮೊದಲು ಶಾಲೆಯನ್ನು ತಿಳಿದುಕೊಳ್ಳಿ

“ಎಂತ ಆಯ್ತು” ಎಂದರೆ ಬೆಳಿಗ್ಗೆಯಿಂದ ಸಂಜೆಯವರೆಗಿನ ಅಷ್ಟೂ ಪೀರಿಯಡ್ಡು, ಊಟ, ಜಗಳ, ಬೆಲ್ಲು, ಎಲ್ಲವನ್ನೂ ಮಗು ತಲೆಯಲ್ಲಿ ಗುಡಿಸಿ ಒಟ್ಟು ಮಾಡಿ ನಮ್ಮ ಮುಂದೆ ಇಡಬೇಕು. ಎಂಟು ವರ್ಷದವರಿಗೆ ಅದು ದೊಡ್ಡ ಕೆಲಸ. ನೆನಪಿಗೆ ಒಂದು ಎಳೆ ಸಿಕ್ಕಿದರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ. ಆ ಎಳೆಯನ್ನು ಕೊಡಬೇಕಾದವರು ನಾವು.

ಹಾಗಾಗಿ ಮೊದಲ ಕೆಲಸ: ವೇಳಾಪಟ್ಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮಗುವಿನ ಬೆಂಚಿನಲ್ಲಿ ಯಾರು ಕೂರುತ್ತಾರೆ, ಯಾವ ಮಿಸ್ಸಿಗೆ ಮಕ್ಕಳು ಯಾವ ಅಡ್ಡಹೆಸರು ಇಟ್ಟಿದ್ದಾರೆ, ಊಟಕ್ಕೆ ಎಲ್ಲಿ ಕೂರುತ್ತಾರೆ, ಇಷ್ಟು ಗೊತ್ತಿರಲಿ. ಸರಕಾರಿ ಶಾಲೆಯ ಮಗುವಾದರೆ ಬಿಸಿಯೂಟದ ಜೊತೆ ಮೊಟ್ಟೆ ತೆಗೆದುಕೊಳ್ಳುವವರು ಯಾರು, ಬಾಳೆಹಣ್ಣು ತೆಗೆದುಕೊಳ್ಳುವವರು ಯಾರು ಎಂಬುದೂ ಒಂದು ದೊಡ್ಡ ವಿಷಯವೇ. ವ್ಯಾನನ್ನು ಮರೆಯಬೇಡಿ. ನಮ್ಮ ಕಡೆ ಅರ್ಧ ಶಾಲೆ ನಡೆಯುವುದೇ ವ್ಯಾನಿನಲ್ಲಿ. ಕಿಟಕಿ ಸೀಟಿನ ಜಗಳ, ದೊಡ್ಡ ಕ್ಲಾಸಿನವರ ದರ್ಬಾರು, ಡ್ರೈವರಣ್ಣ ಹಾಕುವ ಪದ್ಯಗಳು, ಇವು ಯಾವ ಡೈರಿಯಲ್ಲೂ ಬರುವುದಿಲ್ಲ.

ಆಮೇಲೆ ಪ್ರಶ್ನೆ ತಾನಾಗಿ ಸಣ್ಣದಾಗುತ್ತದೆ. “ಶಾಲೆ ಚೆಂದ ಇತ್ತಾ?” ಎಂದರೆ “ಹ್ಞೂಂ” ಸಿಗುತ್ತದೆ, ಅಷ್ಟೆ. “ಇವತ್ತು ಬುಧವಾರ ಅಲ್ವಾ, ಪಿ.ಟಿ. ಪೀರಿಯಡ್ ಇತ್ತಲ್ಲ, ಮಳೆಗೆ ಎಂತ ಮಾಡಿದ್ರು?” ಎಂದು ಕೇಳಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೈದಾನ ಎಂದರೆ ಕೆರೆ, ಪಿ.ಟಿ. ಪೀರಿಯಡ್ಡನ್ನು ಗಣಿತದವರು ಬಂದು ಕಸಿದುಕೊಂಡಿರುತ್ತಾರೆ. ಆ ಅನ್ಯಾಯದ ಮೇಲೆ ನನ್ನ ಮಗ ಹತ್ತು ನಿಮಿಷ ಭಾಷಣ ಮಾಡಬಲ್ಲ. ಅದರ ನಡುವೆಯೇ ಯಾರು ಅತ್ತರು, ಯಾರು ನಗಿಸಿದರು, ಯಾರು ಹೊರಗೆ ನಿಂತರು ಎಲ್ಲ ಬರುತ್ತದೆ.

“ಯಾಕೆ” ಎಂದು ಶುರುವಾಗುವ ಪ್ರಶ್ನೆಗಳನ್ನು ಆದಷ್ಟು ದೂರ ಇಡಿ. “ಯಾಕೆ ಬರೆಯಲಿಲ್ಲ?” ಎಂದರೆ ಅದು ವಿಚಾರಣೆ. “ಎಲ್ಲಿಯವರೆಗೆ ಬರೆದದ್ದು?” ಎಂದರೆ ಮಾತುಕತೆ.

ಹೆಜ್ಜೆ 2: ಹೊತ್ತು ನೋಡಿ

ಸಂಜೆ ನಾಲ್ಕೂವರೆಗೆ ಬರುವ ಮಗುವಿಗೆ ಮೊದಲು ಬೇಕಾದದ್ದು ಒದ್ದೆ ಸಾಕ್ಸ್ ತೆಗೆಯುವುದು, ಆಮೇಲೆ ತಿಂಡಿ. ಬಜಿಲೋ (ಅವಲಕ್ಕಿ) ಬನ್ಸೋ ಹೊಟ್ಟೆಗೆ ಹೋಗುವವರೆಗೆ ಯಾವ ಪ್ರಶ್ನೆಯೂ ಬೇಡ. ಬೆಳಿಗ್ಗೆಯಿಂದ ಬಾಯಿ ಮುಚ್ಚಿ ಕೂತು, ಕೇಳಿದಾಗ ಮಾತ್ರ ಉತ್ತರ ಹೇಳಿ ಬಂದ ಮಗು ಅದು. ಬಾಗಿಲಲ್ಲೇ ನಾವು ಇನ್ನೊಬ್ಬ ಮಾಷ್ಟ್ರಾಗಿ ನಿಂತರೆ ಅದಕ್ಕೆ ಶಾಲೆ ಬಿಟ್ಟ ಹಾಗೆಯೇ ಆಗುವುದಿಲ್ಲ.

ನನ್ನ ಹಾಗೆ ತಡವಾಗಿ ಬರುವವರಿಗೆ ಊಟ ಮುಗಿದು ಹಾಸಿಗೆ ಹಾಸುವವರೆಗಿನ ಅರ್ಧ ಗಂಟೆ ಒಳ್ಳೆಯದು. ಲೈಟು ಆರಿಸಿದ ಮೇಲೆ ಮಗಳ ಬಾಯಿ ತೆರೆಯುತ್ತದೆ. ನಿದ್ದೆ ಮುಂದೂಡುವ ಉಪಾಯವೂ ಇರಬಹುದು, ಇರಲಿ.

ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಗಲ್ಫಿನಲ್ಲಿರುವ ಅಪ್ಪಂದಿರು ಬಹಳ. ಅವರಿಗೆ ಹೊತ್ತಿನದ್ದೇ ಸಮಸ್ಯೆ. ದುಬೈ, ಮಸ್ಕತ್‌ಗಳ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಅಪ್ಪ ಸೌದಿಯ ದಮ್ಮಾಮಿನಲ್ಲಿ ಏಳು ಗಂಟೆಗೆ ರೂಮು ಸೇರಿ ಫೋನ್ ಮಾಡಿದರೆ ಇಲ್ಲಿ ಒಂಬತ್ತೂವರೆ, ಮಗು ತೂಕಡಿಸುತ್ತಿರುತ್ತದೆ. “ಓದಿದ್ಯಾ? ಅಮ್ಮ ಹೇಳಿದ್ದು ಕೇಳ್ತೀಯಾ?” ಎನ್ನುವಷ್ಟರಲ್ಲಿ ಫೋನು ಅಜ್ಜಿಯ ಕೈಗೆ ಹೋಗಿರುತ್ತದೆ. ಇದಕ್ಕಿಂತ ಶನಿವಾರ ಮಧ್ಯಾಹ್ನ ವಾಸಿ. ಇಲ್ಲಿ ಅರ್ಧ ದಿನ ಶಾಲೆ, ಅಲ್ಲಿ ಹಲವರಿಗೆ ರಜೆ. ವಿಡಿಯೋ ಕಾಲಿನಲ್ಲಿ ಮಗುವಿನ ಮುಖ ನೋಡುವ ಆಸೆ ಯಾರಿಗಿಲ್ಲ? ಆದರೆ ಕ್ಯಾಮೆರಾವನ್ನು ಮುಖದಿಂದ ನೋಟ್‌ಬುಕ್ಕಿನ ಕಡೆ ತಿರುಗಿಸಲು ಹೇಳಿ ನೋಡಿ. “ಈ ವಾರದ ಚಿತ್ರ ತೋರಿಸು, ಬ್ಯಾಗಿನಲ್ಲಿ ಎಂತೆಲ್ಲ ಉಂಟು ತೋರಿಸು” ಎಂದರೆ ಅದು ಒಂದೊಂದೇ ಹೊರಗೆ ತೆಗೆಯುತ್ತದೆ, ಮಾತೂ ಅದರ ಜೊತೆ ಹೊರಗೆ ಬರುತ್ತದೆ. ವಾರದ ನಡುವೆ ಮಗುವಿಗೆ ಹೇಳಬೇಕು ಅನಿಸಿದರೆ ವಾಯ್ಸ್ ಮೆಸೇಜ್ ಕಳಿಸಲಿ, ಅಪ್ಪ ಬಿಡುವಾದಾಗ ಕೇಳಿ ಉತ್ತರಿಸಲಿ.

ಹೆಜ್ಜೆ 3: ಕಣ್ಣು ಬೇರೆಡೆ ಇರಲಿ, ಕೈಗೆ ಕೆಲಸ ಇರಲಿ

ಇದನ್ನು ನಾನು ಕಲಿತದ್ದು ಅಮ್ಮನಿಂದ, ಆದರೆ ಕಲಿತಿದ್ದೇನೆ ಎಂದು ಗೊತ್ತಾದದ್ದು ನಲ್ವತ್ತು ದಾಟಿದ ಮೇಲೆ.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಶಾಲೆಯಿಂದ ಬಂದವನು ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಿದ್ದೆ. ಅವಳು ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದ ನೆನಪಿಲ್ಲ. ಕಣ್ಣು ಎಲೆಯ ಮೇಲೆ, ಬೆರಳು ನೂಲಿನ ಮೇಲೆ. ನಾನು ಹೇಳುತ್ತಾ ಹೋಗುತ್ತಿದ್ದೆ, ಅವಳು “ಹೌದಾ?” “ಮತ್ತೆ?” ಎನ್ನುತ್ತಿದ್ದಳು. ಮಾಷ್ಟ್ರು ಬೆತ್ತದಲ್ಲಿ ಹೊಡೆದದ್ದು, ಸ್ಲೇಟು ಒಡೆದದ್ದು, ಪಕ್ಕದವನ ಉತ್ತರ ನೋಡಿ ಬರೆದದ್ದು, ಎಲ್ಲ ಆ ತಡ್ಪೆಯ ಪಕ್ಕದಲ್ಲೇ ಹೊರಬಿದ್ದವು. ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ನಡೆದು ಹೋಗುವಾಗ ಉಳಿದದ್ದು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಮ್ಮನಿಗೆ ನನ್ನ ಶಾಲೆಯ ವಿಷಯ ಗೊತ್ತಿದ್ದಷ್ಟು ನನಗೆ ನನ್ನ ಮಗನದ್ದು ಗೊತ್ತಿರಲಿಲ್ಲ.

ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಮಗುವಿಗೆ ನಮ್ಮ ಹುಬ್ಬು ಕಾಣುತ್ತದೆ. ಹುಬ್ಬು ಗಂಟಿಕ್ಕಿದ ಕೂಡಲೇ ಅದು ಮಾತು ತಿದ್ದಿಕೊಳ್ಳುತ್ತದೆ. ಪಕ್ಕದಲ್ಲಿ ಕೂತರೆ ಆ ಭಯ ಇಲ್ಲ, ನಡುವೆ ಮಾತು ನಿಂತರೂ ಮುಜುಗರ ಇಲ್ಲ.

ಈಗ ಬೀಡಿ ಕಟ್ಟುವ ಮನೆಗಳು ಕಡಿಮೆಯಾಗಿವೆ. ಆದರೆ ಬಸಳೆ ಬಿಡಿಸಲಿಕ್ಕುಂಟು, ಹಲಸಿನ ಬೀಜದ ಸಿಪ್ಪೆ ತೆಗೆಯಲಿಕ್ಕುಂಟು, ಒಗೆದ ಬಟ್ಟೆ ಮಡಚಲಿಕ್ಕುಂಟು. ಜೂನ್ ಮೊದಲ ವಾರ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸದಷ್ಟು ಒಳ್ಳೆಯದು ಇನ್ನೊಂದಿಲ್ಲ. ಪುಸ್ತಕ ಕೈಯಲ್ಲಿರುತ್ತದೆ, ಹೊಸ ಕ್ಲಾಸಿನ ಭಯ, ಹಳೆ ಮಿಸ್ಸಿನ ನೆನಪು ತಾವಾಗಿ ಬರುತ್ತವೆ. ಸ್ಕೂಟರಿನ ಹಿಂದಿನ ಸೀಟೂ ಚೆನ್ನ, ಕೇಳುವಷ್ಟು ನಿಧಾನ ಹೋದರೆ. ಭಾನುವಾರ ಮಲ್ಪೆಯಲ್ಲೋ ಪಣಂಬೂರಿನಲ್ಲೋ ನೀರಂಚಿನಲ್ಲಿ ನಡೆಯುವುದು ಇನ್ನೂ ಚೆನ್ನ, ಆದರೆ ಮೊಬೈಲು ಜೇಬಿನಲ್ಲಿರಬೇಕು, ಅಪ್ಪನದ್ದು ಕೂಡ.

ಹೆಜ್ಜೆ 4: “ಮತ್ತೆ?” ಎನ್ನುವುದನ್ನು ಅಭ್ಯಾಸ ಮಾಡಿ

ಮಗ ಒಮ್ಮೆ ಹೇಳಿದ: “ಇವತ್ತು ನನ್ನನ್ನು ಟೀಮಿಗೆ ತಕೊಳ್ಳಲಿಲ್ಲ.” ನನ್ನ ಬಾಯಲ್ಲಿ ಮೂರು ಉತ್ತರ ತಯಾರಿದ್ದವು. ಒಂದು ಉಪದೇಶ: “ನೀನು ಚೆನ್ನಾಗಿ ಆಡಿದ್ರೆ ಯಾಕೆ ಬಿಡ್ತಾರೆ?” ಎರಡನೆಯದು ಪುರಾಣ: “ನಾವು ಸಣ್ಣವರಿದ್ದಾಗ ಗದ್ದೆಯಲ್ಲಿ ಆಡ್ತಿದ್ದದ್ದು.” ಮೂರನೆಯದು ಸಮಾಧಾನ: “ಹೋಗ್ಲಿ ಬಿಡು, ಆಟ ಅಷ್ಟೇ ಅಲ್ವಾ?” ಮೂರೂ ಮಾತು ಮುಗಿಸುವ ಉತ್ತರಗಳೇ. ಮೂರನೆಯದು ಒಳ್ಳೆಯ ಮುಖ ಹೊತ್ತಿರುವುದರಿಂದ ಹೆಚ್ಚು ಅಪಾಯ. ತನಗೆ ದೊಡ್ಡದಾದದ್ದು ಅಪ್ಪನಿಗೆ ಏನೂ ಅಲ್ಲ ಎಂದು ಮಗುವಿಗೆ ಗೊತ್ತಾಗಿಬಿಡುತ್ತದೆ.

ಕರಾವಳಿಯ ಕನ್ನಡದಲ್ಲಿ ನಮಗೊಂದು ವರದಾನ ಉಂಟು: “ಹೌದಾ? ಮತ್ತೆ?” ತೀರ್ಪಿಲ್ಲ, ಸಲಹೆಯಿಲ್ಲ, ಬಾಗಿಲು ಮಾತ್ರ ತೆರೆದಿರುತ್ತದೆ. ಅವತ್ತು ಹಾಗೇ ಅಂದೆ. ಐದು ನಿಮಿಷ ಬಿಟ್ಟು ಗೊತ್ತಾಯಿತು, ಟೀಮಿನ ಕ್ಯಾಪ್ಟನ್ ಅವನ ಹತ್ತಿರದ ಗೆಳೆಯನೇ. ಆಟ ಹೋದದ್ದಕ್ಕಿಂತ ಅದೇ ಅವನಿಗೆ ಚುಚ್ಚಿದ್ದು.

ಮೌನಕ್ಕೆ ಹೆದರಬೇಡಿ. ಮಗು ಸುಮ್ಮನಾದಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ನಾನು ಏಳರವರೆಗೆ ಮುಟ್ಟಿದ್ದೇನೆ.

ಹೆಜ್ಜೆ 5: ಹೇಳಿದ್ದನ್ನು ಹಿಡಿದುಕೊಂಡು ಓಡಬೇಡಿ

ಮಗ ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಕೊಡೆಯ ಹಿಡಿ ಮುರಿದುಕೊಂಡು ಬಂದ. ಮಲಗುವಾಗ ಇಂಥವನು ಮುರಿದ ಎಂದ. ಹೊಸ ಕೊಡೆ, ಜುಲೈ ತಿಂಗಳು, ನನಗೆ ಸಿಟ್ಟು ನೆತ್ತಿಗೇರಿತು. ರಾತ್ರಿಯೇ ಕ್ಲಾಸ್ ಟೀಚರಿಗೆ ಫೋನ್ ಮಾಡಿದೆ. ಸಾಲದ್ದಕ್ಕೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ “ಕೆಲವು ಮಕ್ಕಳಿಗೆ ಮನೆಯಲ್ಲಿ ಹೇಳುವವರು ಇಲ್ಲವೋ ಏನೋ” ಎಂದು ಬರೆದೆ. ಬೆಳಿಗ್ಗೆ ಆಗುವಷ್ಟರಲ್ಲಿ ಅದಕ್ಕೆ ನಲ್ವತ್ತು ಉತ್ತರ.

ಮರುದಿನ ಇಬ್ಬರನ್ನೂ ಕ್ಲಾಸಿನ ಎದುರು ನಿಲ್ಲಿಸಿ ಸಾರಿ ಹೇಳಿಸಿದರಂತೆ. ಆಮೇಲೆ ಗೊತ್ತಾದದ್ದು, ಇಬ್ಬರೂ ಸೇರಿ ಕೊಡೆಯಲ್ಲಿ ಕತ್ತಿವರಸೆ ಆಡಿದ್ದು. ಯಕ್ಷಗಾನದ ಮಹಿಷಾಸುರ, ದೇವಿ. ನನ್ನ ಮಗನೇ ಮಹಿಷಾಸುರ. ಅವನು ಹೇಳಿದ್ದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅವನ ಕಥೆ ಮುಗಿಯುವ ಮೊದಲೇ ನಾನು ಫೋನು ಎತ್ತಿದ್ದೆ. ಆಮೇಲೆ ದಸರಾ ರಜೆ ಮುಗಿದರೂ ಅವನು ಶಾಲೆಯ ಸುದ್ದಿ ಎತ್ತಲಿಲ್ಲ. ಆ ಹುಡುಗನ ಅಪ್ಪನಲ್ಲಿ ಕ್ಷಮೆ ಕೇಳಿದೆ, ಗ್ರೂಪಿನಲ್ಲೂ ಬರೆದೆ, ಆದರೆ ಮಗನ ಬಾಯಿ ತೆರೆಯಲು ಅದು ಸಾಕಾಗಲಿಲ್ಲ.

ಮಗು ಇವತ್ತು ಹೇಳಿದ್ದಕ್ಕೆ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ನಾಳೆ ಹೇಳುತ್ತದೋ ಇಲ್ಲವೋ ನಿಂತಿದೆ. ಎಷ್ಟು ಜಾಣತನದಿಂದ ಕೇಳಿದರೂ ಇದರಲ್ಲಿ ಎಡವಿದರೆ ಮುಗಿಯಿತು. ಆಮೇಲಿಂದ ನಮ್ಮ ಮನೆಯಲ್ಲಿ ಮೂರು ಕಟ್ಟುಪಾಡು.

ಮೊದಲನೆಯದು, ಕೇಳಿಯೇ ಮುಂದುವರಿಯುವುದು: “ನಾನು ಸುಮ್ನೆ ಕೇಳಿದ್ರೆ ಸಾಕಾ, ಎಂತಾದ್ರೂ ಮಾಡಬೇಕಾ?” ಹತ್ತರಲ್ಲಿ ಒಂಬತ್ತು ಸಲ “ಸುಮ್ನೆ ಕೇಳಿ” ಎಂಬ ಉತ್ತರ. ಎರಡನೆಯದು, ಪೆಟ್ಟು, ಭಯ, ಅಪಾಯದ ಮಾತಲ್ಲದಿದ್ದರೆ ಒಂದು ರಾತ್ರಿ ಕಳೆಯದೆ ಶಾಲೆಗೆ ಫೋನಿಲ್ಲ. ಮೂರನೆಯದು, ಮಗು ಹೇಳಿದ್ದನ್ನು ನೆಂಟರ ಮುಂದೆ ತಮಾಷೆಗೂ ಹೇಳಬಾರದು. ಮದುವೆ ಊಟದ ಪಂಕ್ತಿಯಲ್ಲಿ “ಇವನಿಗೆ ಕ್ಲಾಸಲ್ಲಿ ಎಂತ ಹೆಸರಿಟ್ಟಿದ್ದಾರೆ ಗೊತ್ತುಂಟಾ?” ಎಂದು ನಾವು ನಗುವಾಗ, ಎಲೆಯ ಮುಂದೆ ತಲೆತಗ್ಗಿಸಿ ಕೂತ ಮಗು ಇನ್ನು ಮುಂದೆ ಏನೇನು ಹೇಳಬಾರದು ಎಂದು ಲೆಕ್ಕ ಹಾಕುತ್ತಿರುತ್ತದೆ.

ಹೆಜ್ಜೆ 6: ಮೊದಲು ನಿಮ್ಮದನ್ನು ಹೇಳಿ

ಕೊಡೆಯ ಪ್ರಸಂಗದ ಮೇಲೆ ಮಗ ಹಿಡಿದ ಆ ಮೌನ ಮುರಿದದ್ದು ಹೀಗೆ. ಒಂದು ರಾತ್ರಿ ಊಟಕ್ಕೆ ಕೂತಾಗ, ಆಫೀಸಿನಲ್ಲಿ ನಾನು ತಪ್ಪು ಫೈಲು ಕಳಿಸಿ ಮೇಲಿನವರಿಂದ ಬೈಸಿಕೊಂಡದ್ದನ್ನು ಹೇಳಿದೆ. “ನಿಮಗೆ ಕೂಡ ಬೈತಾರಾ?” ಎಂದ. ಮತ್ತೆ ಒಂದು ವಾರ ಬಿಟ್ಟು, ಡಿಕ್ಟೇಶನ್‌ನಲ್ಲಿ ಹತ್ತಕ್ಕೆ ಮೂರು ಬಂದದ್ದನ್ನು ತಾನಾಗಿ ಹೇಳಿದ. ಸಾಲ, ಆಫೀಸು ರಾಜಕೀಯ ಎಲ್ಲ ಮಕ್ಕಳ ಮೇಲೆ ಹೇರಬೇಕಾಗಿಲ್ಲ. ಒಂದು ಸಣ್ಣ ತಪ್ಪು, ಒಂದು ನಗು ಬರಿಸಿದ ಸಂಗತಿ ಸಾಕು.

ಹೆಜ್ಜೆ 7: ಯಾವ ಭಾಷೆಯಲ್ಲಾದರೂ ಹೇಳಲಿ

ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ದಿನವಿಡೀ ಇಂಗ್ಲಿಷಿನಲ್ಲಿ ನಡೆದದ್ದನ್ನು ಮಗು ತುಳುವಿಗೆ ತಿರುಗಿಸಿ ಹೇಳಬೇಕು. ಅರ್ಧ ದಾರಿಯಲ್ಲಿ ಪದ ಸಿಗದೆ ನಿಲ್ಲುತ್ತದೆ. ಆಗ “ಸರಿಯಾಗಿ ಒಂದು ಭಾಷೆಯಲ್ಲಿ ಮಾತಾಡು” ಎಂದು ತಿದ್ದಿದರೆ ಕಥೆ ಅಲ್ಲಿಗೇ ನಿಂತಿತು. ಮಿಶ್ರ ಮಾಡಿ ಹೇಳಲಿ. ವ್ಯಾಕರಣ ಇನ್ನೊಂದು ದಿನಕ್ಕೆ ಇರಲಿ.

ಇಂಗ್ಲಿಷ್ ಬಾರದ ಅಮ್ಮಂದಿರು “ನಂಗೆಂತ ಗೊತ್ತಾಗ್ತದೆ” ಎಂದು ಹಿಂದೆ ಸರಿಯುವುದು ನೋಡಿದ್ದೇನೆ. ಹಾಗೆ ಸರಿಯಬೇಡಿ. “ನಂಗೆ ಗೊತ್ತಿಲ್ಲ, ನೀನೇ ಹೇಳಿಕೊಡು” ಎನ್ನುವ ಅಮ್ಮನಿಗೆ ಸಿಗುವಷ್ಟು ಸುದ್ದಿ ಎಲ್ಲ ಗೊತ್ತಿರುವ ಅಪ್ಪನಿಗೆ ಸಿಗುವುದಿಲ್ಲ. ಅಜ್ಜಿಗೂ ಸೋದರಮಾವನಿಗೂ ಇದೇ ಅನುಕೂಲ. ತಮ್ಮಲೆಯ (ತುಳುವಿನಲ್ಲಿ ಸೋದರಮಾವ) ಹತ್ತಿರ ಮಗು ಮನಸ್ಸು ಬಿಚ್ಚಿದರೆ ಹೊಟ್ಟೆಕಿಚ್ಚು ಪಡಬೇಡಿ. ಹೇಳಲು ಒಬ್ಬರಿದ್ದಾರಲ್ಲ.

ಹೆಜ್ಜೆ 8: ಮಾರ್ಕಿನ ಮಾತು

ನಮ್ಮ ಎರಡು ಜಿಲ್ಲೆಗಳಿಗೆ ಮಾರ್ಕೇ ಒಂದು ಜಾತ್ರೆ. ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಉಡುಪಿ ಶೇ. 94 ಪಡೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು, ಉಡುಪಿ ಶೇ. 89.96ರಲ್ಲಿ ಎರಡನೆಯದು. ಪೇಪರಿನಲ್ಲಿ ಓದಲು ಖುಷಿ. ಆದರೆ ಆ ಹೆಮ್ಮೆಯ ಭಾರ ಬೀಳುವುದು 625ಕ್ಕೆ 400 ತೆಗೆದ ಹುಡುಗನ ಮೇಲೆ. ಬೇರೆ ಜಿಲ್ಲೆಯಲ್ಲಿ ಅದು ಒಳ್ಳೆಯ ಮಾರ್ಕು. ಇಲ್ಲಿ ಅವನ ಅಮ್ಮ ದೇವಸ್ಥಾನದಲ್ಲಿ ಪರಿಚಯದವರು ಕಂಡರೆ ಮುಖ ಮರೆಸಿಕೊಳ್ಳುತ್ತಾಳೆ.

ಎಫ್‌ಎ (ನಡುನಡುವಿನ ಪರೀಕ್ಷೆ) ಇರಲಿ ಎಸ್‌ಎ (ಅವಧಿಯ ಕೊನೆಯ ಪರೀಕ್ಷೆ) ಇರಲಿ, ಉತ್ತರ ಪತ್ರಿಕೆ ಮನೆಗೆ ಬಂದಾಗ ಮೂಲೆಯ ಅಂಕೆಯ ಮೇಲೆ ಕೈ ಇಡಿ, ಅಕ್ಷರಶಃ. ಒಳಗಿನ ಪುಟಗಳನ್ನು ಒಟ್ಟಿಗೆ ತಿರುಗಿಸಿ. ಮೊದಲು ಸರಿ ಬರೆದ ಒಂದು ಉತ್ತರ ಹುಡುಕಿ, “ಇದು ಹೇಗೆ ನೆನಪಿತ್ತು?” ಎಂದು ಕೇಳಿ. ಆಮೇಲೆ ತಪ್ಪುಗಳನ್ನು ಬೇರೆ ಮಾಡಿ: ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ಗಡಿಬಿಡಿಯಲ್ಲಿ ತಪ್ಪಿದ್ದು, ಪ್ರಶ್ನೆಯೇ ಅರ್ಥವಾಗದ್ದು, ಸಮಯ ಸಾಲದ್ದು. ನಾಲ್ಕಕ್ಕೂ ಮದ್ದು ಬೇರೆ ಬೇರೆ. “ಇನ್ನೂ ಓದಬೇಕು” ಎಂಬುದು ಮೊದಲನೆಯದಕ್ಕೆ ಮಾತ್ರ ಮದ್ದು. ನನ್ನ ಮಗನ ಗಣಿತದ ತಪ್ಪುಗಳಲ್ಲಿ ಹೆಚ್ಚಿನವು ಪ್ರಶ್ನೆಯ ಇಂಗ್ಲಿಷು ಅರ್ಥವಾಗದೆ ಆದವು. ಅದು ಗೊತ್ತಾಗುವವರೆಗೆ ಅವನನ್ನು ಗಣಿತದ ಟ್ಯೂಷನ್ನಿಗೆ ಹಾಕಿ ಹಾಳು ಮಾಡುತ್ತಿದ್ದೆವು.

ಅತ್ತೆಯ ಮಗನ ಮಾರ್ಕು, ಪಕ್ಕದ ಮನೆಯವಳ ಮಾರ್ಕು ನಮ್ಮ ಮನೆಯಲ್ಲಿ ಬೇಡ. ಫಲಿತಾಂಶದ ದಿನಗಳಲ್ಲಿ ಹತ್ತನೆಯವರು, ಪಿಯುಸಿಯವರು ತುಂಬ ಮಂಕಾಗಿದ್ದರೆ, “ನಾನಿದ್ದು ಎಂತ ಪ್ರಯೋಜನ” ಎಂಬಂಥ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಪೋಷಕರೂ ಮಾಡಬಹುದು.

ಹೆಜ್ಜೆ 9: ವಿಷಯ ಗಂಭೀರವಾದಾಗ

ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು, ವ್ಯಾನು ಹತ್ತಲು ಹಠ, ಬುತ್ತಿ ಹಾಗೆಯೇ ವಾಪಸ್ಸು, ವಸ್ತುಗಳು ಪದೇಪದೇ ಕಳೆಯುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು. ಇವುಗಳಲ್ಲಿ ಒಂದು ಕಂಡರೆ ಗಾಬರಿ ಬೇಡ; ಎರಡು ಮೂರು ಒಟ್ಟಿಗೆ ಬಂದರೆ ಗಮನ ಕೊಡಿ.

ಯಾರೋ ಹೊಡೆದದ್ದೋ, ಮೈಮುಟ್ಟಿದ್ದೋ ಮಗು ಹೇಳಿದರೆ ಮೊದಲ ವಾಕ್ಯ ಇದಿರಲಿ: “ಹೇಳಿದ್ದು ಒಳ್ಳೆಯದಾಯ್ತು. ಇದು ನಿನ್ನ ತಪ್ಪಲ್ಲ.” “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. “ಸಹಾಯ ಮಾಡುವವರಿಗೆ ಮಾತ್ರ ಹೇಳ್ತೇನೆ” ಎನ್ನಿ. ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಸರದಿಯಲ್ಲಿ ಕೇಳಿ ಕೇಳಿ ಮಗುವನ್ನು ಹಣ್ಣು ಮಾಡಬೇಡಿ. ಮಗುವಿನ ಮಾತನ್ನು ಅದರದ್ದೇ ಶಬ್ದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. “ನಮ್ಮ ಕಾಲದಲ್ಲಿ ಬೆತ್ತದಲ್ಲೇ ಕಲಿತದ್ದು” ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಮೊದಲು ಕ್ಲಾಸ್ ಟೀಚರ್, ಆಮೇಲೆ ಮುಖ್ಯೋಪಾಧ್ಯಾಯರು, ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ. ಬಾಯಿಮಾತಿನ ಜೊತೆ ಒಂದು ಪುಟದ ಅರ್ಜಿಯೂ ಇರಲಿ, ಸ್ವೀಕೃತಿಯ ಸಹಿ ಹಾಕಿಸಿದ ಪ್ರತಿ ನಿಮ್ಮಲ್ಲಿರಲಿ. ಲೈಂಗಿಕ ಕಿರುಕುಳದ ಮಾತಾದರೆ ಈ ಮೆಟ್ಟಿಲು ಹತ್ತುತ್ತಾ ಕೂರಬಾರದು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಶಾಲೆಗೂ ಅದೇ ನಿಯಮ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ನಂಬರುಗಳನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಶಾಲೆಗೆ ಹೋಗಿ ಮಾತಾಡಿ ಬಂದ ದಿನ, ಅಲ್ಲಿ ಯಾರು ಏನಂದರು, ನಾಳೆ ಏನಾಗಬಹುದು ಎಂದು ಮಲಗುವ ಮುಂಚೆ ಮಗುವಿಗೆ ಹೇಳಿ. ತನ್ನ ವಿಷಯ ತನಗೇ ಗೊತ್ತಿಲ್ಲದೆ ನಡೆಯುವುದು ಅದಕ್ಕೆ ಇನ್ನೊಂದು ಭಯ.

ಈ ವಾರವೇ ಶುರು ಮಾಡುವುದಾದರೆ

ಸೋಮವಾರ ವೇಳಾಪಟ್ಟಿಯ ಫೋಟೋ ತೆಗೆಯಿರಿ, ಏನೂ ಕೇಳಬೇಡಿ. ಮಂಗಳವಾರ ಊಟಕ್ಕೆ ಕೂತಾಗ ನಿಮ್ಮ ದಿನದ ಒಂದು ಸಣ್ಣ ತಪ್ಪು ಹೇಳಿ. ಬುಧವಾರ ಒಂದೇ ಒಂದು ಪ್ರಶ್ನೆ, ವ್ಯಾನಿನ ಬಗ್ಗೆ. ಗುರುವಾರ ಬಸಳೆ ಬಿಡಿಸಲು ಕರೆದು ಸುಮ್ಮನೆ ಕೂರಿ. ಮಳೆಗಾಲವಾಗಿದ್ದು ಅವತ್ತು ರಾತ್ರಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಶಾಲೆಯ ಸುದ್ದಿಯನ್ನೇ ಎತ್ತಬೇಡಿ, ಮಗುವಿನ ಜೊತೆ ಕುಣಿಯಿರಿ. ಶುಕ್ರವಾರ ಸಂಜೆ ತಿಂಡಿ ಕೊಟ್ಟು ಪಕ್ಕದಲ್ಲಿ ಕೂತು, “ಹೌದಾ? ಮತ್ತೆ?” ಎರಡನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳಿ. ಆಗಲೂ “ಎಂತ ಇಲ್ಲ” ಎಂದರೆ, ಇನ್ನೊಂದು ಮುಷ್ಟಿ ಬಜಿಲ್ ಬಡಿಸಿ ಏಳಿ. ಶನಿವಾರ ಅರ್ಧ ದಿನ ಉಂಟಲ್ಲ.